ರೋಲರಿನ ಮೇಲಿನ ಎರಡು ಮಿಲಿಮೀಟರ್

1996ರ ನವೆಂಬರ್ ಕೊನೆಯ ವಾರ, ಮಂಗಳವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ, ಪಾಂಡವಪುರದಿಂದ ಮೇಲುಕೋಟೆಗೆ ಹೋಗುವ ರಸ್ತೆ ಪಕ್ಕದ ಒಂದು ಆಲೆಮನೆಯಲ್ಲಿ ಕಬ್ಬು ಅರೆಯುವ ಗಾಣದ ಮೇಲಿನ ರೋಲರು ಬಿರುಕು ಬಿಟ್ಟಿತು. ಬಿಟ್ಟದ್ದು ಇಡೀ ರೋಲರಲ್ಲ, ಅದರ ಮೈಮೇಲೆ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಲೇಸರ್ ಕಿರಣದಿಂದ ಕಟ್ಟಿದ್ದ ಎರಡು ಮಿಲಿಮೀಟರ್ ದಪ್ಪದ ಪದರ. ಕಬ್ಬು ಕೊಡುವ ಆಳುಗಳು ಟೀಗೆ ಹೋಗಿದ್ದರು. ಗಾಣದ ಹತ್ತಿರ ಇದ್ದವರು ನಾಲ್ವರು: ಆಲೆಮನೆಯ ಯಜಮಾನ, ಶ್ರೀರಂಗಪಟ್ಟಣದಿಂದ ಬಂದಿದ್ದ ವೆಲ್ಡರ್, ಕೊಪ್ಪರಿಗೆಯ ಮುಂದೆ ನಿಂತು ಬೆಲ್ಲದ ಪಾಕ ನೋಡುತ್ತಿದ್ದ ಕೆಲಸಗಾರ ಮತ್ತು ನಾನು.

ಆಗ ನಾನು ಮೈಸೂರಿನಲ್ಲಿ ಅಚ್ಚಾಗುವ ಒಂದು ದಿನಪತ್ರಿಕೆಗೆ ಪಾಂಡವಪುರದ ವರದಿಗಾರನಾಗಿದ್ದೆ. ಒಂದು ಮೊಪೆಡ್, ಒಂದು ಕ್ಯಾಮೆರಾ, ಬಸ್‌ಸ್ಟ್ಯಾಂಡಿನ ಎದುರು ಬಾಡಿಗೆಯ ಒಂದು ಕೋಣೆ. ಬರೆದ ಹಾಳೆ ಮತ್ತು ಫಿಲಂ ರೋಲನ್ನು ಕವರಿನಲ್ಲಿ ಹಾಕಿ ಮಧ್ಯಾಹ್ನ ಎರಡೂವರೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ, ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಚೇರಿಯವರು ಇಸಿದುಕೊಳ್ಳುತ್ತಿದ್ದರು. ಅದು ನನ್ನ ದಿನಚರಿ. ಸುದ್ದಿ ಇರಲಿ ಇಲ್ಲದಿರಲಿ ದಿನಕ್ಕೆ ಎರಡಾದರೂ ಆಲೆಮನೆಯ ಮುಂದೆ ಹಾದುಹೋಗುತ್ತಿದ್ದೆ.

ಗಾಣದ ವಿಷಯ ಸ್ವಲ್ಪ ಹೇಳಬೇಕು. ಮೂರು ರೋಲರುಗಳು ಒಂದಕ್ಕೊಂದು ಒತ್ತಿಕೊಂಡು ತಿರುಗುತ್ತವೆ. ಅವುಗಳ ನಡುವೆ ಕಬ್ಬು ಹೋಗಿ, ಹಾಲು ಕೆಳಗಿನ ತೊಟ್ಟಿಗೆ ಇಳಿಯುತ್ತದೆ, ಹಿಂಡಿದ ಸಿಪ್ಪೆ ರಚ್ಚಾಗಿ ಆಚೆ ಬೀಳುತ್ತದೆ. ರೋಲರಿನ ಮೈಗೆ ಹಲ್ಲುಗಳಿರುತ್ತವೆ. ನಮ್ಮ ಕಡೆ ಕಬ್ಬನ್ನು ಬುಡಸಮೇತ ಕಡಿದು, ನಾಲೆಯ ಮಣ್ಣು ಮೆತ್ತಿಕೊಂಡಂತೆಯೇ ತಂದು ಹಾಕುತ್ತಾರೆ. ತೊಳೆಯುವ ಪದ್ಧತಿ ಇಲ್ಲ. ಮಣ್ಣಿನ ಜೊತೆ ಬಂದ ಮರಳು ರೋಲರಿನ ಹಲ್ಲನ್ನು ಉಜ್ಜಿ ಉಜ್ಜಿ ತಿಂದು, ಒಂದು ಹಂಗಾಮು ಕಳೆಯುವಷ್ಟರಲ್ಲಿ ಹಲ್ಲು ಬೋಳಾಗುತ್ತದೆ. ಆಗ ಕಬ್ಬು ಜಾರುತ್ತದೆ. ಕಬ್ಬು ಜಾರತೊಡಗಿದರೆ ವೆಲ್ಡರನ್ನು ಕರೆಸುತ್ತಾರೆ.

ಸುತ್ತಲಿನ ಆಲೆಮನೆಗಳಿಗೆಲ್ಲ ಬರುತ್ತಿದ್ದವರು ಒಬ್ಬರೇ. ಐವತ್ತು ದಾಟಿದ ಮುಸ್ಲಿಂ ವೆಲ್ಡರ್. ಗಂಜಾಂಗೆ ಹೋಗುವ ರಸ್ತೆಯಲ್ಲಿ ಅವರ ತಗಡಿನ ಅಂಗಡಿ ಇತ್ತು. ಮುಂದೆ ಹಳದಿ ಬೋರ್ಡು: 'ಗಾಣದ ರೋಲರ್, ಟ್ರಾಕ್ಟರ್ ಕೆಲಸ'. ಚಿಕ್ಕಂದಿನಲ್ಲಿ ಸಕ್ಕರೆ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ ಮಾಡಿ ಅವರು ಒಂದು ವಿದ್ಯೆ ಕಲಿತಿದ್ದರು. ರೋಲರನ್ನು ಕಳಚುವುದಿಲ್ಲ, ಗಾಣ ನಿಲ್ಲಿಸುವುದೂ ಇಲ್ಲ. ಕಬ್ಬಿನ ಹಾಲಲ್ಲಿ ನೆನೆದ ರೋಲರು ನಿಧಾನವಾಗಿ ತಿರುಗುತ್ತಿರುವಾಗಲೇ ವೆಲ್ಡಿಂಗ್ ರಾಡನ್ನು ಮುಟ್ಟಿಸಿ ತೆಗೆಯುತ್ತಾರೆ. ಮುಟ್ಟಿಸಿದ ಕಡೆ ಲೋಹದ ಒಂದು ಹನಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹೀಗೆ ನೂರಾರು ಹನಿ. ನೋಡಿದರೆ ರೋಲರಿಗೆ ಕಜ್ಜಿ ಎದ್ದಂತೆ ಕಾಣುತ್ತದೆ, ಆದರೆ ಕಬ್ಬು ಜಾರುವುದಿಲ್ಲ. ಇದಕ್ಕೆ ನಮ್ಮ ಕಡೆ ಬೊಟ್ಟು ಇಡುವುದು ಎನ್ನುತ್ತಾರೆ.

ಬೊಟ್ಟು ಇಡುವ ಮೊದಲು ಅವರದ್ದೊಂದು ಕಟ್ಟಳೆ ಇತ್ತು. ಬಡಗಿ ಕಮ್ಮಾರರಿಗೆ ಕೆಲಸ ಒಪ್ಪಿಸುವಾಗ ವೀಳ್ಯ ಕೊಡುವುದು ಹಳೆಯ ರೂಢಿ. ಅವರು ಅದನ್ನು ಬಿಗಿಯಾಗಿ ಹಿಡಿದಿದ್ದರು. ಯಜಮಾನನೇ ಬಂದು ಗಾಣದ ಚೌಕಟ್ಟಿನ ಮೇಲೆ ಎರಡು ಎಲೆ, ಎರಡು ಅಡಿಕೆ ಇಡಬೇಕು. ಆಳು ಇಟ್ಟರೆ ಆಗದು, ಮಗ ಇಟ್ಟರೂ ಆಗದು. ಇಟ್ಟ ಮೇಲೆ ಅವರು ಒಂದು ಅಡಿಕೆ ಎತ್ತಿ ಬಾಯಿಗೆ ಹಾಕಿಕೊಂಡರೆ ಕೆಲಸ ಒಪ್ಪಿದಂತೆ. ಇನ್ನೊಂದು ಅಡಿಕೆ ಕೆಲಸ ಮುಗಿಯುವ ತನಕ ಎಲೆಯ ಮೇಲೆಯೇ ಇರುತ್ತದೆ. ಹಿಂದೆಂದೋ ಒಂದು ಆಲೆಮನೆಯಲ್ಲಿ ಲೆಕ್ಕ ಬರೆಯುವ ರೈಟರು ಕರೆಸಿದ ಕೆಲಸವನ್ನು ಯಜಮಾನ ನಾನು ಕರೆಸೇ ಇಲ್ಲ ಎಂದಿದ್ದನಂತೆ. ಅಂದಿನಿಂದ ಈ ಕಟ್ಟುನಿಟ್ಟು ಎಂದು ಅವರೇ ಒಮ್ಮೆ ನನಗೆ ಹೇಳಿದ್ದರು.

ಆಲೆಮನೆಯ ಯಜಮಾನ ಗೌಡರು. ಮೂರು ತಲೆಮಾರಿನ ಜಮೀನು, ಮನೆ ಹಿಂದೆ ಆರು ಹಸು, ಮಾತು ಒರಟು. ಅವರ ಅಕ್ಕನನ್ನು ಕೆ.ಆರ್. ಪೇಟೆಗೆ ಕೊಟ್ಟಿದ್ದರು. ಅಕ್ಕನ ಮಗ ಬೆಂಗಳೂರಿನ ಪ್ರಯೋಗಾಲಯದಲ್ಲಿ ಲೋಹಗಳ ಮೇಲೆ ಸಂಶೋಧನೆ ಮಾಡುತ್ತಿದ್ದ. ಅವನಿಗೆ ಹೊಲದಲ್ಲಿ, ಗಾಣದಲ್ಲಿ ನಿಜವಾಗಿ ಸವೆಯುವ ಒಂದು ವಸ್ತು ಬೇಕಾಗಿತ್ತು. ಮಾವನ ರೋಲರು ಕೇಳಿದ. ಹಂಗಾಮು ಮುಗಿದ ಮೇಲೆ ಕಳಚಿಕೊಂಡು ಹೋದವನು ನವೆಂಬರ್ ಮೊದಲ ವಾರ ವ್ಯಾನಿನಲ್ಲಿ ಹಾಕಿಕೊಂಡು ತಂದ.

ಆ ದಿನ ನಾನೂ ಇದ್ದೆ. ತಾನು ಏನು ಮಾಡಿದ್ದೇನೆ ಎಂದು ಅವನು ನನಗೆ ಬಿಡಿಸಿ ಹೇಳಿದ. ಕೋಣೆಯಷ್ಟು ದೊಡ್ಡ ಯಂತ್ರದಿಂದ ಕಣ್ಣಿಗೆ ಕಾಣದ ಕಿರಣ ಬಂದು ರೋಲರಿನ ಮೈಯಲ್ಲಿ ಕಾಳಿನಷ್ಟು ಜಾಗವನ್ನು ಕರಗಿಸುತ್ತದೆ. ಕರಗಿದ ಜಾಗಕ್ಕೆ ಕೊಳವೆಯಿಂದ ಪುಡಿ ಊದುತ್ತಾರೆ. ಪುಡಿಯಲ್ಲಿ ನಿಕ್ಕಲ್ ಇದೆ, ಜೊತೆಗೆ ಟಂಗ್‌ಸ್ಟನ್ ಕಾರ್ಬೈಡ್ ಎಂಬ, ಪಿಂಗಾಣಿಯ ಜಾತಿಗೆ ಸೇರಿದ ಬಹಳ ಗಟ್ಟಿ ಹರಳು. ನಿಕ್ಕಲ್ ಕರಗುತ್ತದೆ, ಹರಳು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಕಡಲೆ ಮಿಠಾಯಿಯಲ್ಲಿ ಬೆಲ್ಲದ ಪಾಕ ಬೀಜವನ್ನು ಹಿಡಿದುಕೊಂಡಂತೆ ನಿಕ್ಕಲ್ ಆ ಹರಳುಗಳನ್ನು ಹಿಡಿದುಕೊಳ್ಳುತ್ತದೆ. ಒಂದು ಗೆರೆಯ ಪಕ್ಕ ಇನ್ನೊಂದು ಗೆರೆ, ಒಂದು ಪದರದ ಮೇಲೆ ಇನ್ನೊಂದು ಪದರ. ಮುಂದೊಂದು ದಿನ ಎರಕವಿಲ್ಲದೆ, ಅಚ್ಚಿಲ್ಲದೆ ಇಡೀ ಯಂತ್ರದ ಭಾಗವನ್ನೇ ಹೀಗೆ ಪುಡಿಯಿಂದ ಕಟ್ಟುತ್ತಾರೆ ಎಂದ. ಮರಳು ಇದನ್ನು ತಿನ್ನಲಾರದು, ಐದು ಹಂಗಾಮು ಬರುತ್ತದೆ ಎಂದ.

ರೋಲರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಲ್ಲು ಇರಲಿಲ್ಲ. ಕೊಳವೆಯ ಬಾಯಿ ಹಲ್ಲುಗಳ ಸಂದಿಗೆ ಇಳಿಯದ ಕಾರಣ ಮೊದಲು ಲೇತಿನಲ್ಲಿ ಹಲ್ಲನ್ನು ತೆಗೆದು ಸಪಾಟು ಮಾಡಿ, ಪದರ ಕಟ್ಟಿದ ಮೇಲೆ ವಜ್ರದ ಚಕ್ರದಲ್ಲಿ ಉಜ್ಜಿಸಿದ್ದರು. ಕೆಳಗಿನ ಎರಡು ರೋಲರಿಗೆ ಹಲ್ಲಿದೆಯಲ್ಲ, ಅಷ್ಟು ಸಾಕು ಎಂದು ಅವನ ಲೆಕ್ಕ. ಸವೆತವನ್ನು ಅವನು ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ಅಳೆದಿದ್ದ. ಕಬ್ಬು ಕಚ್ಚುತ್ತದೆಯೇ ಎಂದು ಅಳೆದಿರಲಿಲ್ಲ.

ಹೊರಡುವಾಗ ಅವನು ಮಾವನಿಗೆ ಒಂದು ಮಾತು ಹೇಳಿದ. ನಾನು ಮೊಪೆಡ್ಡಿನ ಹತ್ತಿರ ನಿಂತಿದ್ದೆ, ಪಾಕ ನೋಡುವವನು ಕೊಪ್ಪರಿಗೆ ಉಜ್ಜುತ್ತಿದ್ದ. ಇಬ್ಬರಿಗೂ ಕೇಳಿಸಿತು.

"ಮಾವ, ಇದ್ರ ಮ್ಯಾಲೆ ವೆಲ್ಡಿಂಗ್ ರಾಡು ಮಾತ್ರ ಮುಟ್ಟುಸ್ಬ್ಯಾಡಿ. ಒಂದು ಕಿಡಿನೂ ಬೀಳ್ಬಾರ್ದು."

"ಆಯ್ತು ಬುಡ್ಲಾ. ಎಷ್ಟು ಸಲ ಏಳ್ತೀಯ."

ನಾನು ನಾಲ್ಕು ಪ್ಯಾರಾ ಬರೆದು ಕಳಿಸಿದೆ. ಕೆಲಸ ಮಾಡಿ ತೋರಿಸಲಿ, ಆಮೇಲೆ ಹಾಕೋಣ ಎಂದು ಡೆಸ್ಕಿನವರು ಅದನ್ನು ಹಿಡಿದಿಟ್ಟರು. ಆದ್ದರಿಂದ ಲೇಸರ್ ರೋಲರಿನ ಸಂಗತಿ ಆಲೆಮನೆಯಿಂದ ಹೊರಗೆ ಹೋಗಲಿಲ್ಲ. ಗೌಡರೂ ಯಾರಿಗೂ ಹೇಳಲಿಲ್ಲ. ನಡೆದರೆ ಎಲ್ಲರನ್ನೂ ಕರೆದು ತೋರಿಸುತ್ತೇನೆ, ಕೆಟ್ಟರೆ ನಗೆಪಾಟಲಾಗುವುದು ಯಾಕೆ ಎಂದು ನನ್ನ ಬಾಯಿಗೂ ಬೀಗ ಹಾಕಿದ್ದರು.

ನಡೆಯಲಿಲ್ಲ. ಮೊದಲ ದಿನದಿಂದಲೇ ಕಬ್ಬು ಜಾರತೊಡಗಿತು. ಗಾಣದ ಬಾಯಿಗೆ ಕೊಟ್ಟ ಕಬ್ಬು ಒಳಗೆ ಹೋಗದೆ ಅಲ್ಲೇ ನಿಂತು ತೊಗಟೆ ಸುಲಿಸಿಕೊಳ್ಳುತ್ತಿತ್ತು. ಇಬ್ಬರು ಆಳುಗಳು ಮರದ ದೊಣ್ಣೆಯಿಂದ ಒತ್ತಬೇಕಾಯಿತು. ದಿನಕ್ಕೆ ಏಳು ಕೊಪ್ಪರಿಗೆ ಇಳಿಯುತ್ತಿದ್ದ ಕಡೆ ಮೂರು ಇಳಿಯಿತು. ಕಬ್ಬು ಕಡಿದು ತಂದ ರೈತರ ಗಾಡಿಗಳು ಅಂಗಳ ತುಂಬಿ ರಸ್ತೆಗೆ ಬಂದವು. ಕಡಿದ ಕಬ್ಬು ಬಿಸಿಲಿಗೆ ಒಣಗುತ್ತಿತ್ತು. ಗಾಡಿಯ ಮೇಲೆ ಕೂತವರು ಬಾಯಿಗೆ ಬಂದಂತೆ ಆಡಿಕೊಂಡರು.

"ಏನ್ ಗೌಡ, ನಿನ್ ಗಾಣಕ್ಕೆ ಅಲ್ಲುದುರೋಗವಂತಲ್ಲ. ಕಬ್ಬ ಬ್ಯಾಡ ಕಣ್ಲಾ, ಅಂಬಲಿ ಕುಡ್ಸು."

ಗೌಡರು ಎಸ್‌ಟಿಡಿ ಬೂತಿನಿಂದ ಬೆಂಗಳೂರಿಗೆ ಎರಡು ಸಲ ಫೋನು ಮಾಡಿದ್ದು ನನಗೆ ಗೊತ್ತು, ಬೂತು ನನ್ನ ಕೋಣೆಯ ಕೆಳಗೇ ಇತ್ತು. ಕಬ್ಬನ್ನು ತೆಳ್ಳಗೆ ಕೊಡಿ, ಹೊಂದಿಕೊಳ್ಳುತ್ತದೆ ಎಂದು ಸೋದರಳಿಯ ಹೇಳಿದ್ದ. ಎರಡನೆಯ ಸಲ ಗೌಡರು ರಿಸೀವರನ್ನು ಕುಕ್ಕಿ ಇಟ್ಟರು. ಮಾರನೆಯ ಬೆಳಗ್ಗೆ ಶ್ರೀರಂಗಪಟ್ಟಣಕ್ಕೆ ಆಳು ಹೋಯಿತು.

ಮಂಗಳವಾರ ನಾನು ಹೋದದ್ದು ಡೆಸ್ಕಿನವರು ಫಲಿತಾಂಶ ಕೇಳಿದ್ದರಿಂದ. ಗೂಡ್ಸ್ ಆಟೋದಿಂದ ವೆಲ್ಡಿಂಗ್ ಸೆಟ್ಟು ಇಳಿದಿತ್ತು. ವೆಲ್ಡರ್ ರೋಲರಿನ ಮೇಲೆ ಕೈ ಆಡಿಸುತ್ತಿದ್ದರು. ಆಮೇಲೆ ಜೇಬಿನಿಂದ ಲೋಹ ಉಜ್ಜುವ ಅರ ತೆಗೆದು ರೋಲರಿನ ಅಂಚಿಗೆ ಒಂದು ಸಲ ಎಳೆದರು. ಅರ ಕಚ್ಚಲಿಲ್ಲ, ಗಾಜಿನ ಮೇಲೆ ಜಾರಿದಂತೆ ಜಾರಿತು. ಇನ್ನೊಂದು ಸಲ ಎಳೆದು ಅರದ ಹಲ್ಲನ್ನೇ ಬೆಳಕಿಗೆ ಹಿಡಿದು ನೋಡಿದರು.

"ಇದ್ಯಾವ ಲೋಹ ಗೌಡ್ರೆ?"

"ಕಬ್ಬಿಣ ಕಣ್ ಸಾಬ್ರೆ. ಇನ್ನೇನ್ ಬಂಗಾರನಾ?"

"ಅರ ತಕ್ಕೊತಾ ಇಲ್ವಲ್ಲ."

"ಹೊಸ್ದು, ಅದ್ಕೆ. ಕಬ್ಬು ಒಣಗ್ತಾ ಅದೆ. ನೀವು ಬೊಟ್ಟು ಮಡಗಿ."

ವೆಲ್ಡರ್ ಅರವನ್ನು ಜೇಬಿಗೆ ಹಾಕಿಕೊಂಡು ಗಾಣದ ಚೌಕಟ್ಟಿನ ಕಡೆ ನೋಡಿದರು. ಗೌಡರು ಒಳಗೆ ಹೋಗಿ ಎಲೆಅಡಿಕೆ ತಂದು ಚೌಕಟ್ಟಿನ ಮೇಲೆ ಇಟ್ಟರು. ವೆಲ್ಡರ್ ಒಂದು ಅಡಿಕೆ ಎತ್ತಿ ಬಾಯಿಗೆ ಹಾಕಿಕೊಂಡರು. ಆ ಹೊತ್ತಿಗೆ ನಾನು ಒಂದು ಚಿತ್ರ ತೆಗೆದೆ: ಎಡಕ್ಕೆ ಹೊಳೆಯುವ ರೋಲರು, ನಡುವೆ ಕನ್ನಡಕ ಹಾಕಿಕೊಳ್ಳುತ್ತಿರುವ ವೆಲ್ಡರ್, ಬಲತುದಿಯಲ್ಲಿ ಚೌಕಟ್ಟು.

ಅಳಿಯ ಹೇಳಿದ ಮಾತು ನನಗೆ ನೆನಪಿತ್ತು. ಗೌಡರು ಅವನನ್ನು ಕೇಳಿಯೇ ಕರೆಸಿರಬಹುದು ಎಂದುಕೊಂಡೆ. ಕೇಳಲಿಲ್ಲ. ನೋಡುವುದು, ಬರೆದುಕೊಳ್ಳುವುದು, ನಡುವೆ ಬಾಯಿ ಹಾಕದಿರುವುದು ನನ್ನ ಕೆಲಸದ ಅಭ್ಯಾಸವಾಗಿತ್ತು.

ಗಾಣ ತಿರುಗಿತು, ವೆಲ್ಡರ್ ಬೊಟ್ಟು ಇಡತೊಡಗಿದರು. ಮೊದಲ ಸಾಲು ಮುಗಿಯುವವರೆಗೆ ಏನೂ ಆಗಲಿಲ್ಲ. ಎರಡನೆಯ ಸಾಲಿನಲ್ಲಿ ಟಿಕ್ಕೆಂದು ಒಂದು ಸದ್ದು ಬಂತು. ಬಿಸಿ ಲಾಂದ್ರದ ಗಾಜಿಗೆ ನೀರು ಬಿದ್ದಾಗ ಬರುವ ಸದ್ದು. ಮತ್ತೊಂದು. ಆಮೇಲೆ ಒಂದರ ಹಿಂದೆ ಒಂದು. ವೆಲ್ಡರ್ ರಾಡು ಹಿಂದಕ್ಕೆ ತೆಗೆದು ಗಾಣ ನಿಲ್ಲಿಸುವಂತೆ ಕೈ ಮಾಡಿದರು. ನಿಲ್ಲುವ ಮೊದಲೇ ಉಗುರಗಲದ ಚೂರುಗಳು ಎದ್ದು ತೊಟ್ಟಿಯ ಹಾಲಿಗೆ ಬಿದ್ದವು.

ಕನ್ನಡಕ ತೆಗೆದು ಅವರು ಹೇಳಿದ್ದು ಇಷ್ಟೇ: "ಇದು ಕಬ್ಬಿಣ ಅಲ್ಲ ಗೌಡ್ರೆ."

ಗೌಡರು ರೋಲರನ್ನು ನೋಡಿದರು, ರಸ್ತೆಯವರೆಗೆ ನಿಂತ ಗಾಡಿಗಳನ್ನು ನೋಡಿದರು. ಅಷ್ಟರಲ್ಲಿ ಸದ್ದು ಕೇಳಿ ನಾಲ್ಕಾರು ರೈತರು ಒಳಗೆ ಬಂದಿದ್ದರು. ಇಪ್ಪತ್ತು ವರ್ಷದಿಂದ ಸಾಬ್ರೆ, ನೀವು ಎನ್ನುತ್ತಿದ್ದ ಮನುಷ್ಯ ಅವರೆಲ್ಲರ ಎದುರಿಗೆ ದನಿ ಏರಿಸಿದರು.

"ನಿನ್ ಕೈಯಾರ ಕೆಡಿಸ್ಬುಟ್ಟಲ್ಲೋ. ಯಾರ್ಲಾ ನಿಂಗೆ ಮುಟ್ಟು ಅಂದೋರು?"

ವೆಲ್ಡರ್ ಎಲೆಯ ಕಡೆ ಕೈ ತೋರಿಸಿದರು. ಗೌಡರು ಎಲೆಯನ್ನೂ ಉಳಿದ ಅಡಿಕೆಯನ್ನೂ ಬಾಚಿ ಒಲೆಗೆ ಎಸೆದರು. ತೊಟ್ಟಿಯ ಹಾಲನ್ನೆಲ್ಲ ಚರಂಡಿಗೆ ಚೆಲ್ಲಿದರು. ಆ ಹಾಲು ಯಾರ ಕಬ್ಬಿನದೋ ಆ ರೈತ ವೆಲ್ಡರ್ ಮುಂದೆ ಬಂದು ಉಗಿದ. ಸೆಟ್ಟನ್ನು ಆಟೋಗೆ ಏರಿಸಲು ಯಾರೂ ಕೈ ಕೊಡಲಿಲ್ಲ. ಆಟೋದವನೂ ಅವರೂ ಸೇರಿ ಏರಿಸಿದರು.

ಅಂದು ಮಧ್ಯಾಹ್ನ ನಾನು ವರದಿ ಬರೆದೆ. ಯಜಮಾನರೇ ವೆಲ್ಡರನ್ನು ಕರೆಸಿ ವೀಳ್ಯ ಕೊಟ್ಟರು, ಕೇಳಿದಾಗ ಕಬ್ಬಿಣ ಎಂದರು ಎಂದು ಅದರಲ್ಲಿ ಇತ್ತು. ಸಂಜೆ ಬೂತಿಗೆ ಡೆಸ್ಕಿನಿಂದ ಫೋನು ಬಂತು. ಕಬ್ಬಿಣ ಎಂದರು ಎಂದು ಯಾರು ಹೇಳುತ್ತಾರೆ ಎಂದು ಉಪಸಂಪಾದಕರು ಕೇಳಿದರು. ನಾನೇ ಕೇಳಿಸಿಕೊಂಡೆ ಎಂದೆ. ವರದಿಗಾರ ತನಗೆ ತಾನೇ ಸಾಕ್ಷಿಯಾಗುವಂತಿಲ್ಲ, ಯಜಮಾನರು ಒಪ್ಪುತ್ತಾರೆಯೇ ಎಂದರು. ಗೌಡರನ್ನು ನಾನು ಆಗಲೇ ಕೇಳಿದ್ದೆ. ಒಪ್ಪಿರಲಿಲ್ಲ. ಪಾಕ ನೋಡುವವನನ್ನೂ ಕೇಳಿದ್ದೆ. ಏನೂ ಹೇಳಿರಲಿಲ್ಲ. ಹಾಗಾದರೆ ಆ ಭಾಗ ತೆಗೆಯುತ್ತೇನೆ ಎಂದರು. ತೆಗೆಯಿರಿ ಎಂದೆ. ನಿಯಮ ಅದೇ ಆಗಿತ್ತು, ನಾನೂ ಅದನ್ನು ನಂಬಿದ್ದೆ.

ಗುರುವಾರ ಐದನೇ ಪುಟದಲ್ಲಿ ಸುದ್ದಿ ಬಂತು. 'ಲೇಸರ್ ರೋಲರಿಗೆ ವೆಲ್ಡಿಂಗ್: ಗಾಣಕ್ಕೆ ಹಾನಿ' ಎಂದು ಶೀರ್ಷಿಕೆ. ಒಳಗೆ ಹೀಗೊಂದು ವಾಕ್ಯ: 'ಶ್ರೀರಂಗಪಟ್ಟಣದ ವೆಲ್ಡರ್ ಒಬ್ಬರು ರೋಲರಿನ ಮೇಲೆ ವೆಲ್ಡಿಂಗ್ ಮಾಡಿದ ನಂತರ ಲೇಪನ ಬಿರುಕು ಬಿಟ್ಟಿತು.' ವಾಕ್ಯದಲ್ಲಿ ಒಂದಕ್ಷರವೂ ತಪ್ಪಿಲ್ಲ. ಚಿತ್ರವನ್ನು ಎರಡು ಕಾಲಂ ಅಗಲಕ್ಕೆ ಕತ್ತರಿಸಿದ್ದರು. ಬಲತುದಿಯ ಚೌಕಟ್ಟು ಹೋಗಿತ್ತು. ಚೌಕಟ್ಟಿನ ಜೊತೆ ಎಲೆಅಡಿಕೆಯೂ ಹೋಗಿತ್ತು.

ಗೌಡರು ಆ ಸುದ್ದಿಯನ್ನು ಕತ್ತರಿಸಿ ಆಲೆಮನೆಯ ಕಂಬಕ್ಕೆ ಅಂಟಿಸಿದರು. ಕಬ್ಬು ತಂದವರೆಲ್ಲ ಓದಿದರು, ಓದಲು ಬಾರದವರು ಓದಿಸಿಕೊಂಡರು. ಹೆಸರು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಗಾಣಕ್ಕೆ ಬೊಟ್ಟು ಇಡುವ ಶ್ರೀರಂಗಪಟ್ಟಣದ ವೆಲ್ಡರ್ ಇದ್ದವರೇ ಒಬ್ಬರು. ಹಂಗಾಮು ಏರುತ್ತಿದ್ದ ದಿನಗಳು. ಬೇರೆ ಆಲೆಮನೆಗಳಲ್ಲಿ ರೋಲರು ಜಾರಿದಾಗ ಆಳುಗಳು ಗಂಜಾಂ ರಸ್ತೆಗೆ ಹೋಗಲಿಲ್ಲ. ನಾಗಮಂಗಲದಲ್ಲಿ ಒಬ್ಬ ಹೊಸ ವೆಲ್ಡರ್ ಇದ್ದಾನಂತೆ ಎಂಬ ಮಾತು ಹತ್ತು ದಿನದೊಳಗೆ ಎಲ್ಲ ಕಡೆ ಹಬ್ಬಿತು.

ಮುಂದಿನ ಸೋಮವಾರ ಬೆಳಗ್ಗೆ ವೆಲ್ಡರ್ ನನ್ನ ಕೋಣೆಗೆ ಬಂದರು. ಕೂರಿ ಎಂದರೆ ಕೂರಲಿಲ್ಲ. ಪತ್ರಿಕೆಯ ತುಂಡನ್ನು ಮೇಜಿನ ಮೇಲೆ ಹರಡಿ, ಅಕ್ಷರಗಳನ್ನು ಬಿಟ್ಟು ಚಿತ್ರದ ಮೇಲೆ ಬೆರಳಿಟ್ಟರು.

"ಎಲೆ ಎಲ್ ಸಾರ್?"

ಡೆಸ್ಕಿನಲ್ಲಿ ಕತ್ತರಿಸಿದರು ಎಂದೆ.

"ಅವ್ರು ಕತ್ತರಿಸ್ತಾರೆ, ಗೌಡ್ರು ಒಲೆಗಾಕ್ತಾರೆ. ಇನ್ ನಂಗೇನ್ ಉಳೀತು ಏಳಿ?"

ನನ್ನಲ್ಲಿ ಪೂರ್ತಿ ಚಿತ್ರದ ಒಂದು ಪ್ರತಿ ಇತ್ತು. ಕೊಟ್ಟೆ. ಅದನ್ನು ಬಹಳ ಹೊತ್ತು ನೋಡಿದರು. ಭಾನುವಾರ ಹಿರಿಯರನ್ನು ಕೂರಿಸಿ ನ್ಯಾಯ ಸೇರಿಸಿದ್ದೇನೆ, ಬನ್ನಿ ಎಂದರು. ವರದಿ ಮಾಡಲು ಬರುತ್ತೇನೆ ಎಂದೆ. "ವರದಿ ಬ್ಯಾಡ. ನೀವು ಬನ್ನಿ" ಎಂದು ಹೊರಟರು. ಟೀ ತರಿಸಿದ್ದೆ, ಅದು ಆರಿಹೋಯಿತು.

ಭಾನುವಾರ ಮಧ್ಯಾಹ್ನ ಆಲೆಮನೆಯ ಅಂಗಳದ ಹೊಂಗೆ ಮರದ ಕೆಳಗೆ ಮೂವರು ಹಿರಿಯರು ಕೂತರು. ಸುತ್ತ ಮೂವತ್ತು ನಲವತ್ತು ಜನ. ಬೆಂಗಳೂರಿನಿಂದ ಅಳಿಯ ಬಂದಿದ್ದ. ಕಳಚಿದ ರೋಲರು ಅಂಗಳದಲ್ಲಿ ಎರಡು ಮರದ ದಿಮ್ಮಿಗಳ ಮೇಲೆ ಮಲಗಿತ್ತು. ಅವನು ಭೂತಗನ್ನಡಿ ಹಿಡಿದು ಅದರ ಸುತ್ತ ಎರಡು ಸಲ ಬಂದು, ಯಾರ ಕಡೆಯೂ ನೋಡದೆ, ಆರು ತಿಂಗಳ ಕೆಲಸ ಒಬ್ಬ ಓದು ಬಾರದವನ ಕೈಯಲ್ಲಿ ಮಣ್ಣುಪಾಲಾಯಿತು ಎಂದ. ವೆಲ್ಡರಿಗೆ ಕನ್ನಡವೂ ಉರ್ದುವೂ ಓದಲು ಬರುತ್ತಿತ್ತು. ಅವರು ಅದನ್ನು ಹೇಳಲು ಹೋಗಲಿಲ್ಲ. ಗುಂಪಿನ ಹಿಂದಿನಿಂದ ಒಬ್ಬರು ಅವರ ಜಾತಿ ಎತ್ತಿ ಒಂದು ಮಾತು ಆಡಿದರು. ಹಿರಿಯರೊಬ್ಬರು ತಿರುಗಿ ನೋಡಿದ ಮೇಲೆ ಆ ದನಿ ಮತ್ತೆ ಬರಲಿಲ್ಲ. ಆ ಮಾತನ್ನು ನಾನು ಅಂದೂ ಬರೆದುಕೊಳ್ಳಲಿಲ್ಲ.

ನಿಮಗೆ ಏನಾಗಬೇಕು ಎಂದು ಹಿರಿಯರು ವೆಲ್ಡರನ್ನು ಕೇಳಿದರು.

"ನಂಗೆ ದುಡ್ಡು ಬ್ಯಾಡ, ಕೂಲಿನೂ ಬ್ಯಾಡ. ನಾನೇ ಕರೆಸ್ದೆ, ಕಬ್ಬಿಣ ಅಂತ ನಾನೇ ಅಂದೆ ಅಂತ ಗೌಡ್ರು ಇಲ್ ಏಳ್ಬೇಕು. ಕಂಬದ್ ಮ್ಯಾಲಿರೋ ಪೇಪರು ಕೀಳ್ಬೇಕು. ಅಷ್ಟೆಯ."

ಗೌಡರು ತಾನು ಕರೆಸಲೇ ಇಲ್ಲ ಎಂದರು. ಹಂಗಾಮಿನಲ್ಲಿ ವೆಲ್ಡರ್ ತಾನಾಗಿಯೇ ಆಲೆಮನೆ ಸುತ್ತುತ್ತಿರುತ್ತಾರೆ, ಅಂದು ಬಂದವರು ಕೇಳದೆ ರಾಡು ಹಚ್ಚಿದರು ಎಂದರು. ಹಿರಿಯರು ಪಾಕ ನೋಡುವವನನ್ನು ಕರೆದರು. ಅವನು ಹೆಗಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು ನೆಲ ನೋಡುತ್ತಾ, "ನನ್ ಕಣ್ಣು ಪಾಕದ್ ಮ್ಯಾಲಿತ್ತು. ಪಾಕ ಬುಟ್ಟು ಅತ್ತಗಿತ್ತಗೆ ನೋಡಿದ್ರೆ ಅಚ್ಚು ಕೆಟ್ಟೋಯ್ತದೆ" ಎಂದ. ಯಾರೋ ನಕ್ಕರು.

ವೆಲ್ಡರ್ ಜೇಬಿನಿಂದ ಚಿತ್ರ ತೆಗೆದು ಕೊಟ್ಟರು. ಮೂವರೂ ಕೈಯಿಂದ ಕೈಗೆ ನೋಡಿದರು. ಚೌಕಟ್ಟಿನ ಮೇಲೆ ಎಲೆ ಇದೆಯಲ್ಲ ಎಂದರು. ಮಂಗಳವಾರ ಅಲ್ಲವೇ, ಬೆಳಗ್ಗೆ ಗಾಣಕ್ಕೆ ಪೂಜೆ ಮಾಡಿದ ಎಲೆ ಅದು ಎಂದು ಗೌಡರು ಕೂಡಲೇ ಹೇಳಿದರು. ಅದು ಇಲ್ಲದ ಮಾತಲ್ಲ. ಮಂಗಳವಾರ ಪೂಜೆ ಮಾಡುವವರು ಇದ್ದರು. ಗುಂಪು ಗೌಡರ ಕಡೆ ತಲೆದೂಗಿತು.

ಮೂವರಲ್ಲಿ ಹೆಚ್ಚು ವಯಸ್ಸಾದವರು ಕನ್ನಡಕ ತೆಗೆದು, ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ಬಿಸಿಲಿಗೆ ಎದ್ದು ಬಂದರು. ಎಷ್ಟೋ ಹೊತ್ತಿನ ಮೇಲೆ ಕೇಳಿದರು:

"ಪೂಜೆಗೆ ಎಷ್ಟಡಿಕೆ ಮಡಗ್ತೀಯ್ಲಾ?"

"ಎರಡು."

"ಇಲ್ಲೊಂದೇ ಅದೆ."

ಅವರು ಚಿತ್ರವನ್ನು ಗೌಡರ ಕಡೆ ತಿರುಗಿಸಿ ಹಿಡಿದರು.

"ದ್ಯಾವ್ರಿಗೆ ಮಡಗಿದ್ ಅಡಿಕೆ ಯಾರೂ ಬಾಯ್ಗಾಕ್ಕೊಳಲ್ಲ. ಇನ್ನೊಂದು ಎಲ್ಲೋಯ್ತು?"

ವೆಲ್ಡರ್ ತನ್ನ ಕೆನ್ನೆ ಮುಟ್ಟಿ ತೋರಿಸಿದರು. ಈ ಸಲ ಯಾರೂ ನಗಲಿಲ್ಲ. ಗೌಡರು ಎದ್ದು ನಿಂತು ಪಂಚೆ ಎತ್ತಿ ಕಟ್ಟಿಕೊಂಡರು.

"ಔದು, ಕರೆಸ್ದೆ. ಕಬ್ಬು ಒಣಗ್ತಿತ್ತು, ಕರೆಸ್ದೆ. ಏನೀಗ? ಕೆಡಿಸ್ದೋನು ಅವ್ನೇ ತಾನೆ?"

ಅಳಿಯ ಮಾವನ ಕಡೆ ತಿರುಗಿದ. ಮುಟ್ಟಿಸಬೇಡಿ ಎಂದು ಹೇಳಿದ್ದೆನಲ್ಲ ಎಂದು ಕೇಳಿದ. ಗೌಡರು ಅವನ ಕಡೆ ನುಗ್ಗಿದರು. "ಅಲ್ಲು ಕಿತ್ಕೊಂಡೋಗಿ ಕನ್ನಡಿ ತಂದ್ಕೊಟ್ಟೆ. ಕಬ್ಬೇನು ಮೊಕ ನೋಡ್ಕೊಂಡೋಯ್ತದಾ?" ಎಂದರು. ಅಳಿಯ ಸವೆತ, ಗಡಸುತನ ಎಂದು ಏನೋ ಹೇಳತೊಡಗಿದ. ರೈತರು ಗದ್ದಲ ಎಬ್ಬಿಸಿದರು. ಒಬ್ಬ ರಚ್ಚಿನ ಹಿಡಿಯೊಂದನ್ನು ಅವನ ಮೇಲೆ ಎಸೆದ.

ಗದ್ದಲ ಇಳಿದ ಮೇಲೆ ಹಿರಿಯರು ಎರಡನೆಯ ಮಾತಿಗೆ ಬಂದರು. ವೆಲ್ಡರ್ ಲೋಹ ಯಾವುದೆಂದು ಕೇಳಿದ್ದು ನಿಜವೇ, ಗೌಡರು ಕಬ್ಬಿಣ ಎಂದದ್ದು ನಿಜವೇ? ಗೌಡರು ಇಲ್ಲ ಎಂದರು. ವೆಲ್ಡರ್ ನನ್ನ ಕಡೆ ನೋಡಿದರು. ಎಲ್ಲರೂ ನೋಡಿದರು. ಬರೆದುಕೊಳ್ಳುವ ಪುಸ್ತಕ ನನ್ನ ಕೈಯಲ್ಲಿತ್ತು, ಅದನ್ನು ಮುಚ್ಚಿ ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ. ಅರ ಜಾರಿದ್ದು, ಯಾವ ಲೋಹ ಎಂದು ಅವರು ಕೇಳಿದ್ದು, ಬಂದ ಉತ್ತರ, ಆಮೇಲೆ ಎಲೆ ಇಟ್ಟದ್ದು. ಅಳಿಯ ರೋಲರು ತಂದ ದಿನ ಹೇಳಿದ್ದನ್ನೂ ಹೇಳಿದೆ.

"ಪೇಪರ್ನೋನು ಪೇಪರ್ನಲ್ಲಿ ಬರ್ಕೊಬೇಕು. ನನ್ನಂಗಳಕ್ ಬಂದು ಮಾತಾಡೋದಲ್ಲ" ಎಂದರು ಗೌಡರು. ಇನ್ನು ಮುಂದೆ ಆಲೆಮನೆಯ ಕಡೆ ತಲೆ ಹಾಕಬೇಡ ಎಂದರು.

ವೆಲ್ಡರ್ ಮೆಲ್ಲಗೆ ಹೇಳಿದರು: "ಇದ ಪೇಪರ್ನಲ್ಲಿ ಬರೀಬೇಕಿತ್ತಲ್ಲ ಸಾರ್."

ಹಿರಿಯರು ತೀರ್ಮಾನ ಹೇಳಿದರು. ತಪ್ಪು ಗೌಡರದು, ಕಂಬದ ಮೇಲಿನ ಪತ್ರಿಕೆಯನ್ನು ಕೀಳಬೇಕು. ಗೌಡರು ಕೇಳಿಸಿಕೊಂಡು ಒಳಗೆ ಹೋದರು. ಪತ್ರಿಕೆ ಕೀಳಲಿಲ್ಲ. ಕೀಳಲು ಬೇರೆ ಯಾರೂ ಮುಂದೆ ಬರಲಿಲ್ಲ. ವೆಲ್ಡರ್ ತಾನೇ ಕಿತ್ತುಕೊಳ್ಳಬಹುದಿತ್ತು. ಕಂಬದ ಹತ್ತಿರವರೆಗೆ ನಡೆದರು, ಒಂದು ಸಲ ಓದಿದರು, ಹೊರಟುಹೋದರು.

ಅಂದೇ ನಾನು ಎರಡನೆಯ ವರದಿ ಬರೆದು ಕಳಿಸಿದೆ. ಯಜಮಾನರು ಕರೆಸಿದ್ದನ್ನು ನಲವತ್ತು ಜನರ ಮುಂದೆ ಒಪ್ಪಿದ್ದಾರೆ, ಸಾಕ್ಷಿಗೆ ಹಿರಿಯರಿದ್ದಾರೆ ಎಂದು ಡೆಸ್ಕಿಗೆ ಫೋನಿನಲ್ಲಿ ಹೇಳಿದೆ. ಜಾಗವಿಲ್ಲ ಎಂದರು. ಮಾರನೆಯ ದಿನವೂ ಇರಲಿಲ್ಲ. ಹನ್ನೊಂದನೆಯ ದಿನ ಏಳನೇ ಪುಟದ ಕೆಳಗೆ, ಟೆಂಡರು ಜಾಹೀರಾತಿನ ಪಕ್ಕ, 'ಸ್ಪಷ್ಟನೆ' ಎಂಬ ತಲೆಬರಹದಲ್ಲಿ ಮೂರು ಸಾಲು ಬಂತು. ಅದನ್ನು ಯಾರಾದರೂ ಕತ್ತರಿಸಿ ಎಲ್ಲಿಯಾದರೂ ಅಂಟಿಸಿದ್ದು ನನಗೆ ಗೊತ್ತಿಲ್ಲ. ಆ ಹೊತ್ತಿಗೆ ನಾಗಮಂಗಲದ ವೆಲ್ಡರ್ ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದೆ ಸೆಟ್ಟು ಇಡಲು ಜಾಗ ಹಿಡಿದಿದ್ದ.

1998ರಲ್ಲಿ ಅಳಿಯ ಕೆ.ಆರ್. ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ನನ್ನ ಚಿತ್ರದ ಒಂದು ಪ್ರತಿಯನ್ನು ಅವನು ಹಿಂದೆಯೇ ಕೇಳಿ ಪಡೆದಿದ್ದ. ಚೀಲದಿಂದ ಇಂಗ್ಲಿಷಿನ ಒಂದು ಲೇಖನ ತೆಗೆದು ತೋರಿಸಿದ. ರೋಲರಿನ ಮೇಲೆ ಪದರ ಕಟ್ಟಿದ ಬಗೆ, ಹರಳುಗಳು ಎಷ್ಟು ಒತ್ತಾಗಿ ಕೂತಿದ್ದವು, ಎಷ್ಟು ಕಡಿಮೆ ಸವೆದವು ಎಂದು ಪುಟಗಟ್ಟಲೆ ಇತ್ತು. ಕೊನೆಯಲ್ಲಿ ನನ್ನ ಚಿತ್ರ. ಅದನ್ನೂ ಕತ್ತರಿಸಿ ರೋಲರನ್ನು ಮಾತ್ರ ಉಳಿಸಿದ್ದರು. ಸ್ಥಳೀಯ ಕೆಲಸಗಾರನೊಬ್ಬ ಅನುಮತಿಯಿಲ್ಲದೆ ವೆಲ್ಡಿಂಗ್ ಮಾಡಿದ್ದರಿಂದ ಪ್ರಯೋಗ ನಿಂತಿತು ಎಂದು ಕೆಳಗೆ ಬರೆದಿತ್ತು. ಹಲ್ಲು ತೆಗೆದದ್ದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅನುಮತಿಯಿಲ್ಲದೆ ಎಂಬುದು ಸುಳ್ಳು ಎಂದೆ. ಅದು ತಾಂತ್ರಿಕ ಲೇಖನ, ನ್ಯಾಯ ಪಂಚಾಯ್ತಿ ಅಲ್ಲ ಎಂದ. ಅಷ್ಟರಲ್ಲಿ ಅವನ ಬಸ್ಸು ಬಂತು.

1999ರ ಫೆಬ್ರವರಿಯಲ್ಲಿ ಆಲೆಮನೆಯ ಗಾಣಕ್ಕೆ ಹಲ್ಲಿರುವ ಎರಕದ ರೋಲರು ಹಾಕಿದ್ದರು. ಅದಕ್ಕೆ ಬೊಟ್ಟು ಇಡುತ್ತಿದ್ದವನು ನಾಗಮಂಗಲದವನು. ಲೇಸರ್ ರೋಲರು ರಸ್ತೆಬದಿಗೆ ಉರುಳಿ ಬಿದ್ದಿತ್ತು, ಬಸ್ಸಿಗೆ ಕಾಯುವವರು ಅದರ ಮೇಲೆ ಕೂರುತ್ತಿದ್ದರು. ಪದರ ಎದ್ದ ಕಡೆ ತುಕ್ಕು ಹಿಡಿದಿತ್ತು, ಉಳಿದ ಕಡೆ ಹಿಡಿದಿರಲಿಲ್ಲ.

ಅದೇ ತಿಂಗಳು ಶ್ರೀರಂಗಪಟ್ಟಣಕ್ಕೆ ಬೇರೆ ಕೆಲಸಕ್ಕೆ ಹೋದಾಗ ಗಂಜಾಂ ರಸ್ತೆಯಲ್ಲಿ ಹಾದುಹೋದೆ. ತಗಡಿನ ಅಂಗಡಿ ತೆರೆದಿತ್ತು. ವೆಲ್ಡರ್ ಕಿಟಕಿಯ ಗ್ರಿಲ್ಲೊಂದಕ್ಕೆ ರಾಡು ಹಚ್ಚುತ್ತಿದ್ದರು, ತಲೆ ಎತ್ತಲಿಲ್ಲ. ಹಳದಿ ಬೋರ್ಡು ಅಲ್ಲೇ ಇತ್ತು. 'ಗಾಣದ ರೋಲರ್' ಎಂಬ ಎರಡು ಪದಗಳ ಮೇಲೆ ಬಣ್ಣ ಬಳಿದಿತ್ತು.